ಸೀರೆಯ ಹಿಂಬದಿ

ಕಸೂತಿ ಸೀರೆ ಕೈಗೆ ಸಿಕ್ಕರೆ ನಾನು ಮೊದಲು ತಿರುಗಿಸಿ ನೋಡುವುದು ಅದರ ಹಿಂಬದಿಯನ್ನು. ಧಾರವಾಡ ಸೀಮೆಯ ಹೆಣ್ಣುಮಕ್ಕಳ ಗವಂತಿ ಹೊಲಿಗೆಯ ಹೆಚ್ಚುಗಾರಿಕೆ ಇರುವುದೇ ಅಲ್ಲಿ. ಗಂಟಿಲ್ಲ, ಜೋಲುವ ಎಳೆಯಿಲ್ಲ. ಮುಂದಿದ್ದ ಗೋಪುರವೇ ಹಿಂದೆಯೂ. ಸೂಜಿ ಹೋಗುವಾಗ ಒಂದೊಂದು ಜಾಗ ಬಿಟ್ಟು ಹೋಗುತ್ತದೆ, ಮರಳುವಾಗ ಬಿಟ್ಟದ್ದನ್ನೆಲ್ಲ ತುಂಬುತ್ತ ಬರುತ್ತದೆ. ಬಟ್ಟೆಯ ಮೇಲೆ ಪೆನ್ಸಿಲ್ ಗೆರೆಯೂ ಇರುವುದಿಲ್ಲ. ನೇಯ್ಗೆಯ ಎಳೆ ಎಣಿಸುತ್ತಲೇ ತೇರು, ಆನೆ, ತುಳಸಿ ಕಟ್ಟೆ ಏಳಬೇಕು. ಒಂದೆಳೆ ತಪ್ಪಿತೋ, ಮರಳುವ ದಾರಿ ಕೂಡುವುದಿಲ್ಲ, ಬಿಚ್ಚಲೇಬೇಕು. ಕಪ್ಪು ಚಂದ್ರಕಾಳಿ ಸೀರೆಯ ಮೇಲಂತೂ ಈ ಎಣಿಕೆ ಕಣ್ಣಿಗೆ ದೊಡ್ಡ ಪರೀಕ್ಷೆ. ಕಸೂತಿಯ ಉಳಿದ ಹೊಲಿಗೆಗಳಲ್ಲಿ ಮುರ್ಗಿ ಅಂಕುಡೊಂಕಾಗಿ ಮೆಟ್ಟಿಲು ಮೆಟ್ಟಿಲು ಏರುತ್ತದೆ, ನೇಗಿ ನೇಯ್ದಂತೆಯೇ ಕಾಣುತ್ತದೆ, ಮೆಂತಿಗೆ ದಾರ ಹೆಚ್ಚು ಬೇಕು. ನನ್ನ ಮಟ್ಟಿಗೆ ಗವಂತಿಯೇ ಮೇಲು.

ಈಗ ಕಸೂತಿಯ ವ್ಯಾಪಾರ ವಾಟ್ಸಾಪ್, ಇನ್‌ಸ್ಟಾಗ್ರಾಂಗಳಲ್ಲೂ ನಡೆಯುತ್ತದೆ. ಯಂತ್ರದ ಹೊಲಿಗೆಯೂ ಅದೇ ಹೆಸರಿನಲ್ಲಿ ಬರುತ್ತದೆ. ಕೊಳ್ಳುವ ಮುನ್ನ ಹಿಂಬದಿಯ ಫೋಟೊ ಕೇಳಿ. ಗವಂತಿ ಎರಡೂ ಬದಿ ಒಂದೇ ಸಮ ಇದ್ದರೆ ದಯವಿಟ್ಟು ಚೌಕಾಸಿ ಮಾಡಬೇಡಿ, ಹೊಲಿದವರು ಕೇಳಿದಷ್ಟು ಕೊಡಿ.