ಮಕ್ಕಳ ಚಿತ್ರಸ್ಪರ್ಧೆ: ವಿಷಯ ಯಾರದು, ಕೈ ಯಾರದು?

ಮಹಾವೀರ ಜಯಂತಿ, ದಶಲಕ್ಷಣ ಪರ್ವ ಮೊದಲಾದ ಸಂದರ್ಭಗಳಲ್ಲಿ ಮಕ್ಕಳಿಗಾಗಿ ಚಿತ್ರಕಲಾ ಸ್ಪರ್ಧೆ ಏರ್ಪಡಿಸುವುದು ಬಸದಿಗಳ ಆಡಳಿತ ಮಂಡಳಿಗಳಿಗೂ ಯುವಕ ಸಂಘಗಳಿಗೂ ರೂಢಿಯಾಗಿದೆ. ಉದ್ದೇಶ ಸ್ತುತ್ಯವೇ. ಪ್ರವಚನದಲ್ಲಿ ಕುಳಿತಿರಲಾರದ ಮಗು ಬಣ್ಣದ ಮೂಲಕವಾದರೂ ತತ್ತ್ವದ ಸಮೀಪಕ್ಕೆ ಬರಲಿ ಎಂಬ ಹಂಬಲ ಅದರ ಹಿಂದಿದೆ. ಆದರೆ ಸ್ಪರ್ಧೆಯೊಂದು ಮಗುವಿಗೆ ಕಲಿಸುವುದು ಫಲಕದ ಮೇಲೆ ಬರೆದ ವಿಷಯವನ್ನು ಮಾತ್ರವಲ್ಲ. ಅದು ನಡೆಯುವ ರೀತಿಯೂ ಮಗುವಿಗೆ ಪಾಠವೇ. ಈ ಎರಡು ಪಾಠಗಳು ಪರಸ್ಪರ ವಿರುದ್ಧವಾಗಿರುವುದು ಅಪರೂಪವೇನಲ್ಲ.

ಮೊದಲು ವಿಷಯದ ಮಾತು. ‘ಅಹಿಂಸೆ’, ‘ವಿಶ್ವಶಾಂತಿ’, ‘ಪರಿಸರ ಸಂರಕ್ಷಣೆ’ ಎಂಬಿವು ಸಾಮಾನ್ಯವಾಗಿ ಕೊಡಲಾಗುವ ವಿಷಯಗಳು. ಇವು ದೊಡ್ಡವರು ಬಹುಕಾಲ ಯೋಚಿಸಿ ತಲುಪಿದ ತೀರ್ಮಾನಗಳ ಹೆಸರುಗಳು. ಕಣ್ಣಿಗೆ ಕಾಣುವ ವಸ್ತುಗಳಲ್ಲ. ಎಂಟು ವರ್ಷದ ಮಗು ತೀರ್ಮಾನವನ್ನು ಬರೆಯಲಾರದು, ಅದರ ಲಾಂಛನವನ್ನು ಮಾತ್ರ ಬರೆದೀತು. ಆದ್ದರಿಂದ ಹಾಳೆಗಳಲ್ಲಿ ಮತ್ತೆ ಮತ್ತೆ ಕಾಣುವುದು ಒಂದೇ ತೊಟ್ಟಿಯಲ್ಲಿ ನೀರು ಕುಡಿಯುವ ಸಿಂಹ ಮತ್ತು ಹಸು. ಇಲ್ಲವೇ 1974–75ರಲ್ಲಿ ಮಹಾವೀರ ನಿರ್ವಾಣದ 2500ನೆಯ ವರ್ಷಾಚರಣೆಯ ಸಂದರ್ಭದಲ್ಲಿ ರೂಪುಗೊಂಡ, ಚಕ್ರವುಳ್ಳ ಅಭಯಹಸ್ತದ ಚಿಹ್ನೆ. ಚಿಹ್ನೆ ಪವಿತ್ರವಾದದ್ದು, ನಿಜ. ಆದರೆ ಅದನ್ನು ಕ್ಯಾಲೆಂಡರಿನಿಂದ ನಕಲಿಳಿಸುವ ಮಗುವಿಗೆ ಅಹಿಂಸೆಯ ಬಗೆಗೆ ಒಂದು ಕ್ಷಣವೂ ಚಿಂತಿಸಬೇಕಾದ ಅಗತ್ಯ ಒದಗುವುದಿಲ್ಲ.

ಮೈಸೂರಿನಿಂದ ನಂಜನಗೂಡಿಗೆ ಹೋಗುವ ದಾರಿಯಲ್ಲಿ ಕಡಕೊಳವಿದೆ. ಹೆದ್ದಾರಿ, ರೈಲುಹಳಿ, ಕೈಗಾರಿಕಾ ಪ್ರದೇಶ, ಆಚೆಗೆ ಹೊಲಗದ್ದೆ. ಉತ್ತರಕ್ಕೆ ಚಾಮುಂಡಿ ಬೆಟ್ಟ. ಅಲ್ಲಿಂದ ನಗರದ ಸ್ಪರ್ಧೆಗೆ ಬರುವ ಮಗು ಸಿಂಹವನ್ನು ಕಂಡಿದ್ದರೆ ಮೈಸೂರಿನ ಮೃಗಾಲಯದಲ್ಲಿ ಕಂಡಿರಬೇಕು, ಅದೂ ಕಂದಕದ ಆಚೆಗೆ. ಆದರೆ ವೇಗವಾಗಿ ಬರುವ ಲಾರಿಯ ಮುಂದೆ ರಸ್ತೆ ದಾಟಲಾರದೆ ನಿಂತ ನಾಯಿ, ಮೊದಲ ಮಳೆಯ ಸಂಜೆ ದೀಪಕ್ಕೆ ಮುತ್ತುವ ಹುಳುಗಳು, ಕಸದ ರಾಶಿಯಲ್ಲಿ ಪ್ಲಾಸ್ಟಿಕ್ ಮೇಯುವ ಹಸು, ಇವು ಅದರ ನಿತ್ಯದ ನೋಟಗಳು. ‘ದೀಪಕ್ಕೆ ಹುಳುಗಳು ಬಂದಾಗ ಮನೆಯವರು ಏನು ಮಾಡುತ್ತಾರೆ?’ ಎಂದು ವಿಷಯ ಕೊಟ್ಟರೆ ಆ ಮಗು ನೆನಪನ್ನು ಕೆದಕಬೇಕಾಗುತ್ತದೆ. ಒಬ್ಬ ಮಗು ದೀಪ ಆರಿಸುವ ಅಜ್ಜಿಯನ್ನು ಬರೆದೀತು. ಇನ್ನೊಂದು, ಪೊರಕೆ ಹಿಡಿದ ಅಪ್ಪನನ್ನು. ಎರಡನೆಯ ಚಿತ್ರವೂ ಅಹಿಂಸೆಯ ಕುರಿತಾದದ್ದೇ. ಅದಕ್ಕೆ ಅಂಕ ಕಡಿಮೆ ಮಾಡುವ ತೀರ್ಪುಗಾರರು ವಿಷಯವನ್ನೇ ಅರ್ಥಮಾಡಿಕೊಂಡಿಲ್ಲವೆನ್ನಬೇಕು.

ಇಂಥ ವಿಷಯನಿರೂಪಣೆಗೆ ಮಾದರಿ ಬೇರೆಡೆ ಹುಡುಕಬೇಕಾಗಿಲ್ಲ. ಶ್ರವಣಬೆಳಗೊಳದ ಜೈನಮಠದ ಭಿತ್ತಿಚಿತ್ರಗಳಲ್ಲಿ ಷಡ್ಲೇಶ್ಯೆಗಳ ವೃಕ್ಷವಿದೆ. ಹಸಿದ ಆರು ಮಂದಿ, ಹಣ್ಣು ತುಂಬಿದ ಒಂದೇ ಮರ. ಕೃಷ್ಣಲೇಶ್ಯೆಯವನು ಮರವನ್ನು ಬುಡಸಹಿತ ಉರುಳಿಸಲು ಹೊರಡುತ್ತಾನೆ. ನೀಲಲೇಶ್ಯೆಯವನ ಕಣ್ಣು ಕಾಂಡದ ಮೇಲೆ. ಕಾಪೋತ, ಪೀತಲೇಶ್ಯೆಯವರು ಕೊಂಬೆರೆಂಬೆಗಳಲ್ಲಿ ನಿಲ್ಲುತ್ತಾರೆ. ಪದ್ಮಲೇಶ್ಯೆಯವನಿಗೆ ಹಣ್ಣು ಕಿತ್ತರೆ ಸಾಕು. ಶುಕ್ಲಲೇಶ್ಯೆಯವನು ಉದುರಿದ್ದನ್ನು ಆಯ್ದುಕೊಳ್ಳುತ್ತಾನೆ. ಹತ್ತನೆಯ ಶತಮಾನದ ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳು ‘ಗೊಮ್ಮಟಸಾರ’ದ ಜೀವಕಾಂಡದಲ್ಲಿ ಲೇಶ್ಯೆಗಳನ್ನು ವಿವರಿಸುವಾಗ ಬಳಸಿದ ದೃಷ್ಟಾಂತವಿದು. ಇಲ್ಲಿ ಉಪದೇಶದ ಫಲಕವಿಲ್ಲ. ಹಸಿವು ಆರೂ ಮಂದಿಗೆ ಸಮಾನ; ಭೇದವಿರುವುದು ಕೈ ಎಲ್ಲಿಗೆ ಚಾಚುತ್ತದೆ ಎಂಬಲ್ಲಿ. ಅಂಥ ಗಹನವಾದ ಶಾಸ್ತ್ರವಿಷಯವನ್ನೇ ಮರವೊಂದರ ಮೂಲಕ ಹೇಳಿದ ಪರಂಪರೆಯವರು ಮಕ್ಕಳ ಮುಂದೆ ಬರಿಯ ಪದವೊಂದನ್ನು ಇಟ್ಟು ‘ಎರಡು ಗಂಟೆಯೊಳಗೆ ಬರೆಯಿರಿ’ ಎನ್ನುವುದು ವಿಚಿತ್ರವಾಗಿ ತೋರುತ್ತದೆ.

ಭಾರತದಲ್ಲಿ ಮಕ್ಕಳ ಚಿತ್ರಸ್ಪರ್ಧೆಗೆ ದೊಡ್ಡ ಮನ್ನಣೆ ತಂದವರು ವ್ಯಂಗ್ಯಚಿತ್ರಕಾರ ಕೆ. ಶಂಕರ ಪಿಳ್ಳೈ. ಅವರು 1949ರಲ್ಲಿ ಆರಂಭಿಸಿದ ಸ್ಪರ್ಧೆ ಮುಂದೆ ಅಂತಾರಾಷ್ಟ್ರೀಯವಾಯಿತು. ಅದಕ್ಕೂ ಮೊದಲೇ, 1897ರಲ್ಲಿ, ವಿಯೆನ್ನಾದ ಫ್ರಾಂಝ್ ಚಿಝೆಕ್ ಮಕ್ಕಳ ಚಿತ್ರಕ್ಕೆ ಅದರದೇ ಆದ ಬೆಲೆಯುಂಟೆಂದು ನಂಬಿ ತರಗತಿ ತೆರೆದಿದ್ದರು. ದೊಡ್ಡವರ ಚಿತ್ರದ ಅಪೂರ್ಣ ರೂಪವಲ್ಲ ಅದು. ಮಗು ತನಗೆ ಮುಖ್ಯವಾದುದನ್ನು ದೊಡ್ಡದಾಗಿ ಬರೆಯುತ್ತದೆ. ಮನೆಯ ಗೋಡೆಯೊಳಗಿನದೂ ಹೊರಗಿನಿಂದ ಕಾಣುವಂತೆ ಬರೆಯುತ್ತದೆ. ಇದನ್ನು ‘ಪ್ರಮಾಣದೋಷ’ವೆಂದು ಗುರುತಿಸಿ ಅಂಕ ಕಳೆಯುವವರು ವಿಂಧ್ಯಗಿರಿಯ ಸುಮಾರು 58 ಅಡಿಯ ಮೂರ್ತಿಯನ್ನು ಯಾವ ಅಳತೆಗೋಲಿನಿಂದ ನೋಡುತ್ತಾರೋ!

ಇನ್ನು ಕೈ ಯಾರದು ಎಂಬ ಪ್ರಶ್ನೆ. ಮನೆಯಿಂದ ಬರೆದು ತರುವ ಸ್ಪರ್ಧೆಗಳಲ್ಲಿ ಕೆಲವು ಹಾಳೆಗಳ ಛಾಯೆ-ಬೆಳಕನ್ನು ನೋಡಿದರೆ ಅದು ಮಗುವಿನ ಕೆಲಸವಲ್ಲವೆಂದು ಯಾರಿಗಾದರೂ ತಿಳಿಯುತ್ತದೆ. ಸ್ಥಳದಲ್ಲೇ ನಡೆಯುವಲ್ಲಿಯೂ ತಾಯ್ತಂದೆಯರು ಬೆನ್ನ ಹಿಂದೆ ನಿಂತು ‘ಅಲ್ಲಿ ಹಸಿರು ಹಚ್ಚು’ ಎನ್ನುತ್ತಾರೆ. ಕೃತ, ಕಾರಿತ, ಅನುಮತ ಎಂಬ ಮೂರು ಬಗೆಗಳನ್ನು ಬಾಲ್ಯದಿಂದ ಕೇಳಿ ಬೆಳೆದವರಿಗೆ ಇದನ್ನು ವಿವರಿಸಬೇಕಾದೀತೆ? ತಾಯಿ ಬರೆದದ್ದು ಕೃತ, ಮಗುವಿನ ಕೈಯಿಂದ ಬರೆಸಿದ್ದು ಕಾರಿತ, ತಿಳಿದೂ ಬಹುಮಾನ ಕೊಟ್ಟದ್ದು ಅನುಮತ. ‘ಸತ್ಯ’ವೆಂಬ ವಿಷಯದ ಮೇಲೆ ಹೀಗೆ ಬರೆದ ಚಿತ್ರಕ್ಕೆ ವೇದಿಕೆಯ ಮೇಲೆ ಪ್ರಶಸ್ತಿ ಪಡೆಯುವ ಮಗು ಕಲಿತದ್ದು ಮಾಯಾಕಷಾಯವನ್ನು.

ಬಹುಮಾನದ ಬಗೆಗೂ ಯೋಚಿಸಬೇಕಾದ ಸಂಗತಿಯಿದೆ. 1973ರಲ್ಲಿ ಪ್ರಕಟವಾದ, ಲೆಪರ್, ಗ್ರೀನ್ ಮತ್ತು ನಿಸ್ಬೆಟ್ ಎಂಬ ಮನೋವಿಜ್ಞಾನಿಗಳ ಅಧ್ಯಯನವೊಂದರಲ್ಲಿ, ಚಿತ್ರ ಬರೆಯಲು ಮೊದಲೇ ಇಷ್ಟವಿದ್ದ ಶಿಶುವಿಹಾರದ ಮಕ್ಕಳಲ್ಲಿ ಕೆಲವರಿಗೆ ‘ಬರೆದರೆ ಪ್ರಶಸ್ತಿಪತ್ರ ಕೊಡುತ್ತೇವೆ’ ಎಂದು ಮೊದಲೇ ಹೇಳಲಾಯಿತು. ಕೆಲವರಿಗೆ ಬರೆದ ಮೇಲೆ, ಅನಿರೀಕ್ಷಿತವಾಗಿ ಕೊಡಲಾಯಿತು. ಕೆಲವರಿಗೆ ಏನೂ ಕೊಡಲಿಲ್ಲ. ಒಂದೆರಡು ವಾರಗಳ ಅನಂತರ ಗಮನಿಸಿದಾಗ, ಪ್ರಶಸ್ತಿಯ ನಿರೀಕ್ಷೆಯಲ್ಲಿ ಬರೆದವರು ಉಳಿದವರ ಸುಮಾರು ಅರ್ಧದಷ್ಟು ಕಾಲವನ್ನು ಮಾತ್ರ ಚಿತ್ರಕ್ಕೆ ಕೊಟ್ಟರು. ಅನಿರೀಕ್ಷಿತವಾಗಿ ಪಡೆದವರ ಉತ್ಸಾಹ ಕುಗ್ಗಿರಲಿಲ್ಲ. ಫಲಾಪೇಕ್ಷೆ ಕ್ರಿಯೆಯ ಆನಂದವನ್ನು ತಿನ್ನುತ್ತದೆ ಎಂಬುದು ಶ್ರಾವಕರಿಗೆ ಹೊಸ ಮಾತಲ್ಲ. ದಾನಿಗಳ ಹೆಸರಿನ ಟ್ರೋಫಿಗಳನ್ನು ಸಾಲಾಗಿ ಜೋಡಿಸುವಾಗ ಮಾತ್ರ ಅದು ಮರೆತುಹೋಗುತ್ತದೆ.

ಎಲ್ಲಕ್ಕಿಂತ ಗಂಭೀರವಾದ ಅಂಶದ ಕಡೆಗೆ ಸಂಘಟಕರ ಗಮನ ಹರಿದಂತೆ ಕಾಣುವುದಿಲ್ಲ. ನಯವಾದ ಕುಂಚಗಳನ್ನು ಮುಂಗುಸಿಯ ಕೂದಲಿನಿಂದ ತಯಾರಿಸುವ ಕಳ್ಳದಂಧೆ ಭಾರತದಲ್ಲಿದೆ. ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದು ಅಪರಾಧ. ಆದರೂ ಅದರ ವಿರುದ್ಧ 2019ರಲ್ಲಿ ವಿಶೇಷ ಕಾರ್ಯಾಚರಣೆಯನ್ನೇ ನಡೆಸಬೇಕಾಯಿತು. ಕೂದಲಿಗಾಗಿ ಮುಂಗುಸಿಯನ್ನು ಕೊಲ್ಲಲಾಗುತ್ತದೆ. ಅಳಿಲಿನ ಕೂದಲು, ಹಂದಿಯ ಬಿರುಗೂದಲುಗಳ ಕುಂಚಗಳೂ ಉಂಟು. ಕಪ್ಪು ಬಣ್ಣದ ಒಂದು ಬಗೆ ಸುಟ್ಟ ಮೂಳೆಯಿಂದ ಬರುತ್ತದೆ. ಕಾರ್ಮೈನ್ ಎಂಬ ಕೆಂಪು ಕಳ್ಳಿಯ ಮೇಲೆ ಬದುಕುವ ಕೀಟಗಳನ್ನು ಒಣಗಿಸಿ ತೆಗೆದದ್ದು. ಮೇಣದ ಬಳಪಗಳಲ್ಲಿ ಸೇರುವ ಸ್ಟಿಯರಿಕ್ ಆಮ್ಲ ತಾಳೆಯೆಣ್ಣೆಯಿಂದ ಬಂದದ್ದಿರಬಹುದು, ಪ್ರಾಣಿಯ ಕೊಬ್ಬಿನಿಂದ ಬಂದದ್ದೂ ಇರಬಹುದು. ಭೋಜನಶಾಲೆಯಲ್ಲಿ ಗೆಡ್ಡೆಗೆಣಸು ಬೀಳದಂತೆ ಎಚ್ಚರ ವಹಿಸುವ ಸಮಾಜ, ಮುಂಗುಸಿಯ ಕೂದಲಿನಿಂದ ಮಗು ಅಹಿಂಸೆಯ ಚಿತ್ರ ಬರೆಯುವಾಗ ಏನನ್ನೂ ಕೇಳದಿರುವುದು ಪ್ರಮಾದವಲ್ಲದೆ ಮತ್ತೇನು? ಕೂದಲಿನ ಕುಂಚ ಸಲ್ಲದೆಂಬ ಒಂದು ಸಾಲು ಆಮಂತ್ರಣದಲ್ಲಿ ಸೇರಿದರೆ, ಟ್ರಸ್ಟಿನಿಂದಲೇ ನೈಲಾನ್ ಕುಂಚಗಳನ್ನು ಹಂಚಿದರೆ, ಖರ್ಚು ಒಂದು ಟ್ರೋಫಿಯದಕ್ಕಿಂತ ಹೆಚ್ಚಾಗಲಾರದು. ಮಗು ‘ಯಾಕೆ?’ ಎಂದು ಕೇಳುತ್ತದೆ. ಮನೆಯಲ್ಲಿ ಆ ಪ್ರಶ್ನೆಗೆ ಉತ್ತರ ಕೊಡಬೇಕಾಗುತ್ತದೆ.

ಸ್ಪರ್ಧೆಯೇ ಬೇಡವೆನ್ನುವುದೂ ಅತಿಯಾದೀತು. ಮೈಸೂರಿನ ರಂಗಾಯಣದ ‘ಚಿನ್ನರ ಮೇಳ’ದಲ್ಲಿ ಮಕ್ಕಳು ಬೇಸಿಗೆಯುದ್ದಕ್ಕೂ ಕೂಡಿ ಕಲಿಯುವುದನ್ನು ಕಂಡವರಿಗೆ, ಮೊದಲನೆಯವ ಎರಡನೆಯವ ಎಂಬ ಪಟ್ಟಿಯಿಲ್ಲದೆಯೂ ಮಕ್ಕಳು ಬರುತ್ತಾರೆಂಬುದು ತಿಳಿದಿದೆ. ಬಸದಿಗಳಲ್ಲಿ ಅಷ್ಟು ದಿನಗಳ ಅನುಕೂಲ ಇರಲಾರದು. ಆದರೆ ಹಾಳೆಯನ್ನು ಸ್ಥಳದಲ್ಲೇ ಕೊಟ್ಟು, ಆ ಎರಡು ಗಂಟೆ ಹಿರಿಯರನ್ನು ಒಳಗೆ ಸ್ವಾಧ್ಯಾಯಕ್ಕೆ ಕೂರಿಸಬಹುದು. ತೀರ್ಪುಗಾರರು ಪ್ರತಿ ಮಗುವಿನ ಬಳಿ ಕುಳಿತು ‘ಇವರು ಯಾರು, ಏನು ಮಾಡುತ್ತಿದ್ದಾರೆ?’ ಎಂದು ಕೇಳಬಹುದು. ಗೆದ್ದ ಮೂರು ಚಿತ್ರಗಳಿಗೆ ಚೌಕಟ್ಟು ಹಾಕಿ ಉಳಿದವನ್ನು ಕಟ್ಟಿ ಉಗ್ರಾಣಕ್ಕೆ ಸೇರಿಸುವ ಬದಲು, ಎಲ್ಲವನ್ನೂ ಪ್ರಾಂಗಣದಲ್ಲಿ ಮಕ್ಕಳ ಕಣ್ಣಿನ ಎತ್ತರಕ್ಕೆ ತೂಗುಹಾಕಿ, ಮರುದಿನ ಅಭಿಷೇಕಕ್ಕೆ ಬಂದವರು ನೋಡಿ ಹೋಗುವವರೆಗೂ ಹಾಗೆಯೇ ಇಡಬಹುದು.