‘[ಆಬ್ಜೆಕ್ಟ್ ಆಬ್ಜೆಕ್ಟ್]’ ಪರ ಒಂದು ವಕಾಲತ್ತು

ಜಾವಾಸ್ಕ್ರಿಪ್ಟ್ ಬರೆಯುವವರು ಒಂದಲ್ಲ ಒಂದು ದಿನ ಪರದೆಯ ಮೇಲೆ ‘[ಆಬ್ಜೆಕ್ಟ್ ಆಬ್ಜೆಕ್ಟ್]’ ಕಂಡು ಹಣೆ ಚಚ್ಚಿಕೊಂಡಿರುತ್ತಾರೆ. 1995ರಲ್ಲಿ ಬ್ರೆಂಡನ್ ಐಕ್ ಹತ್ತೇ ದಿನದಲ್ಲಿ ಹೊಸೆದ ಭಾಷೆಯಲ್ಲವೇ ಎಂದು ನಗುವುದು, ‘ಜೇಸನ್ ಸ್ಟ್ರಿಂಗಿಫೈ ಬಳಸಿ’ ಎಂದು ಉಪದೇಶಿಸುವುದು ರೂಢಿ. ಬೈಗುಳವೂ ಹೊಗಳಿಕೆಯೂ ಇಲ್ಲಿ ಅದಲುಬದಲಾಗಿವೆ ಎಂಬುದು ನನ್ನ ವಾದ.

ಆಬ್ಜೆಕ್ಟನ್ನು ಪಠ್ಯವಾಗಿಸುವ ಮೂಲ ಟುಸ್ಟ್ರಿಂಗ್ ಮೆಥಡ್ ಕೊಡುವುದು ವಸ್ತುವಿನ ಹೂರಣವನ್ನಲ್ಲ, ಅದರ ಬಗೆ ಬರೆದ ಚೀಟಿಯನ್ನು. ಅದರಲ್ಲಿನ ಎರಡನೆಯ ಪದ ಪುನರುಕ್ತಿಯಲ್ಲ. ಅದೇ ಮೆಥಡ್ಡನ್ನು ಅರೇ ಮೇಲೆ ಕರೆದರೆ ‘[ಆಬ್ಜೆಕ್ಟ್ ಅರೇ]’, ದಿನಾಂಕದ ಮೇಲೆ ಕರೆದರೆ ‘[ಆಬ್ಜೆಕ್ಟ್ ಡೇಟ್]’. ಭಾಷೆಯ 2009ರ ಆವೃತ್ತಿ ಇಎಸ್5 ‘ಈಸ್‌ಅರೇ’ ತರುವವರೆಗೆ ಅರೇ ಗುರುತಿಸಲು ಲೈಬ್ರರಿಗಳು ನೆಚ್ಚಿಕೊಂಡದ್ದು ಈ ಚೀಟಿಯನ್ನೇ. 2015ರಲ್ಲಿ ‘ಟುಸ್ಟ್ರಿಂಗ್‌ಟ್ಯಾಗ್’ ಬಂದ ಮೇಲಂತೂ ಆ ಎರಡನೆಯ ಪದವನ್ನು ನಾವೇ ಬರೆಯಬಹುದು.

ಇನ್ನು ಸ್ಟ್ರಿಂಗಿಫೈ. ಅದಕ್ಕೊಂದು ಆರ್ಡರ್ ಕೊಟ್ಟು ನೋಡಿ. ಲೆಕ್ಕ ತಪ್ಪಿ ಬೆಲೆ ‘ನ್ಯಾನ್’ ಆಗಿದ್ದರೆ ‘ನಲ್’ ಎಂದು ಬರೆಯುತ್ತದೆ. ಕೂಪನ್ ‘ಅನ್‌ಡಿಫೈನ್ಡ್’ ಆಗಿದ್ದರೆ ಆ ಫೀಲ್ಡೇ ಮಾಯ. ಸಾಮಾನುಗಳು ಮ್ಯಾಪ್‌ನಲ್ಲಿದ್ದರೆ ಸಿಗುವುದು ಬರಿಯ ‘{}’. ಡೆಲಿವರಿ ದಿನ ಭಾರತದ ಗಡಿಯಾರದಲ್ಲಿ 2024ರ ಆಗಸ್ಟ್ 15, ಸೊನ್ನೆ ಗಂಟೆ ಎಂದಿಟ್ಟುಕೊಳ್ಳಿ. ಅದು ಯುಟಿಸಿಗೆ ತಿರುಗಿ 14ರ 18:30 ಆಗುತ್ತದೆ. ಕ್ಷಣ ಅದೇ, ನಿಜ. ಆದರೆ ಮೊದಲ ಹತ್ತು ಅಕ್ಷರ ಕತ್ತರಿಸಿ ದಿನಾಂಕ ತೋರಿಸುವ ಕೋಡ್‌ನಲ್ಲಿ ಸ್ವಾತಂತ್ರ್ಯ ದಿನ ಒಂದು ದಿನ ಮೊದಲೇ ಬಂದುಬಿಡುತ್ತದೆ. ಇಷ್ಟಾದರೂ ಒಂದೇ ಒಂದು ಎರರ್ ಇಲ್ಲ.

‘ಆ ಚೀಟಿಯಿಂದ ಬಳಕೆದಾರನಿಗೇನು ಲಾಭ?’ ಎನ್ನಬಹುದು. ಏನೂ ಇಲ್ಲ, ಗ್ರಾಹಕನ ಬಿಲ್ಲಿನಲ್ಲಿ ಅದು ಕಂಡರೆ ನಾಚಿಕೆಗೇಡು. ಆದರೆ ಅದನ್ನು ಸರಿಯಾದ ಉತ್ತರವೆಂದು ಯಾರೂ ನಂಬುವುದಿಲ್ಲ, ನೋಡಿದ ಕಣ್ಣಿಗೆ ಕೂಡಲೇ ಸಿಕ್ಕಿಬೀಳುತ್ತದೆ. ಸ್ಟ್ರಿಂಗಿಫೈ ಕೂಡ ಬಿಗ್‌ಇಂಟ್ ಕಂಡಾಗ, ತನ್ನನ್ನೇ ಸುತ್ತಿಕೊಂಡ ಆಬ್ಜೆಕ್ಟ್ ಕಂಡಾಗ ಟೈಪ್‌ಎರರ್ ಎಸೆದು ನಿಲ್ಲುತ್ತದೆ. ಅಲ್ಲಿ ನನಗೆ ತಕರಾರಿಲ್ಲ. ತಕರಾರಿರುವುದು ಅದು ತುಟಿಪಿಟಕ್ಕೆನ್ನದ ಕಡೆ. ಜೇಸನ್ ಇರುವುದು ದತ್ತಾಂಶವನ್ನು ದಾಟಿಸಲು. ದೋಣಿಯಲ್ಲಿ ಹಿಡಿಸದ್ದನ್ನು ಅದು ದಡದಲ್ಲೇ ಬಿಡುತ್ತದೆ. ತಪ್ಪು ದೋಣಿಯದಲ್ಲ, ಅದನ್ನು ಕನ್ನಡಿಯೆಂದು ಮಾರಿದ ನಮ್ಮದು.

ಆದ್ದರಿಂದ ಮುಂದಿನ ಸಲ ‘[ಆಬ್ಜೆಕ್ಟ್ ಆಬ್ಜೆಕ್ಟ್]’ ಕಂಡಾಗ ಭಾಷೆಯನ್ನು ಬೈಯಬೇಡಿ. ಓದಲಿಕ್ಕಾದರೆ ನಿಮ್ಮ ಕ್ಲಾಸಿಗೆ ಒಂದು ಟುಸ್ಟ್ರಿಂಗ್, ದಾಟಿಸಲಿಕ್ಕಾದರೆ ಒಂದು ಟುಜೇಸನ್ ನೀವೇ ಬರೆಯಿರಿ. ಎರಡೂ ನಾಲ್ಕು ಸಾಲಿನ ಕೆಲಸ.