ಹಳೇ ಲಾರಿಯ ಉದ್ದ ಸೀಟು

ಹಳೇ ಲಾರಿ ನೋಡಲು ಬಂದವರು ಮೊದಲು ಬಾನೆಟ್ ಎತ್ತಿಸುತ್ತಾರೆ. ಇಂಜಿನ್ನಿನ ಸದ್ದಿಗೆ ತಲೆದೂಗಿ, ಟೈರಿಗೊಂದು ಒದ್ದು, ಮೂತಿಯ ಮೇಲಿನ ಲಾಂಛನ ಸವರಿ ಹೊರಡುತ್ತಾರೆ. ಕ್ಯಾಬಿನ್ ಹತ್ತಿ ಸೀಟಿನ ಅಡಿಗೆ ಕೈಹಾಕುವವರು ಅಪರೂಪ. ಆ ಲಾರಿ ಯಾವ ಸೀಮೆಯಲ್ಲಿ ದುಡಿದದ್ದು, ಯಾರ ಕೈಯಲ್ಲಿ ರೂಪ ಪಡೆದದ್ದು ಎಂದು ತಿಳಿಯುವುದು ಮಾತ್ರ ಅಲ್ಲಿಯೇ.

ಇದಕ್ಕೆ ಕಾರಣವಿದೆ. ಟಾಟಾದ ಟೆಲ್ಕೊ ಕಂಪನಿ ಜರ್ಮನಿಯ ಡೈಮ್ಲರ್-ಬೆಂಜ್ ಜೊತೆ ಕೈಜೋಡಿಸಿದ್ದು 1954ರಲ್ಲಿ. ಆ ಒಪ್ಪಂದ 15 ವರ್ಷ ನಡೆಯಿತು. 1969ರಲ್ಲಿ ಮುಗಿದ ಮೇಲೆ ಮೂರು ಮೂಲೆಯ ನಕ್ಷತ್ರ ಹೋಗಿ ಟಾಟಾದ ‘ಟಿ’ ಬಂತು. ಜಮ್‌ಶೆಡ್‌ಪುರದಿಂದ ಬರುತ್ತಿದ್ದ ಬಹುಪಾಲು ಲಾರಿಗಳಿಗೆ ಇಂಜಿನ್, ಗೇರ್‌ಬಾಕ್ಸ್, ಚಾಸಿ, ಮುಂದಿನ ಮೂತಿ ಇರುತ್ತಿತ್ತು, ಕ್ಯಾಬಿನ್ ಇರುತ್ತಿರಲಿಲ್ಲ. ಅದನ್ನು ಕಟ್ಟುತ್ತಿದ್ದವರು ಕೊಂಡವನ ಊರಿನ ಆಸುಪಾಸಿನ ಬಡಗಿ, ತಗಡಿನ ಕೆಲಸದವರು, ಕುಶನ್ ಹೊಲಿಯುವವರು. ಹಾಗಾಗಿ ಬೆಂಜ್ ಲಾರಿಯ ಸೀಟು ರಿಪೇರಿ ಮಾಡಲು ಜರ್ಮನಿಯ ಕೈಪಿಡಿ ಹುಡುಕುವುದು ವ್ಯರ್ಥ. ಹಳೇ ಕಾರನ್ನು ಮೂಲರೂಪಕ್ಕೆ ತರುವವರು ಕಾರ್ಖಾನೆಯ ದಾಖಲೆ ನೋಡುತ್ತಾರೆ. ಲಾರಿಯ ಸೀಟಿಗೆ ಹರಿದ ಹಳೇ ಸೀಟೇ ದಾಖಲೆ. ಅದನ್ನು ಕಿತ್ತು ತಿಪ್ಪೆಗೆಸೆದು ಹೊಸ ಫೋಮ್ ತುಂಬಿದರೆ ಆ ಲಾರಿಯ ಮೂಲರೂಪ ತಿಳಿಯುವ ದಾರಿಯೇ ಮುಚ್ಚಿದಂತೆ.

ಧಾರವಾಡ ಜಿಲ್ಲೆಯ ಮಟ್ಟಿಗೆ ಈ ಮಾತಿಗೆ ಹೆಚ್ಚಿನ ತೂಕವಿದೆ. ಹಳೆಯ ರಾಷ್ಟ್ರೀಯ ಹೆದ್ದಾರಿ 63 ಗದಗದ ಕಡೆಯಿಂದ ಅಣ್ಣಿಗೇರಿ ಹಾದು, ಹುಬ್ಬಳ್ಳಿ ದಾಟಿ, ಕಲಘಟಗಿಯ ಮೇಲೆ ಅಂಕೋಲಾಕ್ಕೆ ಇಳಿಯುತ್ತಿತ್ತು. ನವಲಗುಂದದ ಎರಿ ಹೊಲದ ಹತ್ತಿ, ಕಡಲೆ, ಕುಂದಗೋಳದ ಮೆಣಸಿನಕಾಯಿ ಹುಬ್ಬಳ್ಳಿಯ ಅಮರಗೋಳ ಮಾರುಕಟ್ಟೆಗೆ ಬರುವುದು ಲಾರಿಯ ಬೆನ್ನ ಮೇಲೆ. ವಿಜಯ ಸಂಕೇಶ್ವರ ಅವರು 1976ರಲ್ಲಿ ಒಂದೇ ಒಂದು ಲಾರಿಯಿಂದ ಸಾಗಣೆ ವ್ಯವಹಾರ ಶುರುಮಾಡಿದ್ದು ಪಕ್ಕದ ಗದಗದಲ್ಲಿ. ಅದು ಬೆಳೆದು ದೊಡ್ಡದಾದದ್ದು ಹುಬ್ಬಳ್ಳಿಯಲ್ಲಿ. ಇಂಥ ಸೀಮೆಯ ಲಾರಿಯ ಸೀಟು ಬಿಚ್ಚಿದರೆ ಕರಿಮಣ್ಣಿನ ಧೂಳು, ಹತ್ತಿಯ ಎಳೆ, ಕಡಲೆ ಹೊಟ್ಟು ಸಿಕ್ಕರೆ ಅಚ್ಚರಿಯಿಲ್ಲ.

ಬಿಚ್ಚುವ ಕೆಲಸಕ್ಕೆ ಅವಸರ ಸಲ್ಲದು. ಮೊದಲು ಎಲ್ಲ ಕಡೆಯಿಂದ ಫೋಟೊ ತೆಗೆದುಕೊಳ್ಳಬೇಕು. ರೆಕ್ಸಿನ್ನಿನ ಹೊಲಿಗೆಯನ್ನು ಬ್ಲೇಡಿನಿಂದ ಒಂದೊಂದೇ ಬಿಡಿಸಿ, ಪ್ರತಿ ತುಂಡಿನ ಹಿಂದೆ ಮೇಲೆ-ಕೆಳಗೆ, ಎಡ-ಬಲ ಎಂದು ಚಾಕ್‌ನಿಂದ ಗುರುತು ಹಾಕಬೇಕು. ಹೊಸ ಕವರಿಗೆ ಅಳತೆ ಸಿಗುವುದು ಈ ತುಂಡುಗಳಿಂದಲೇ. ಹಳೇ ರೆಕ್ಸಿನ್ ಬಿಸಿಲಿಗೆ ಕುಗ್ಗಿರುತ್ತದೆ, ಅಂಚಿನಲ್ಲಿ ಒಂದಿಷ್ಟು ಹೆಚ್ಚು ಬಿಟ್ಟು ಕತ್ತರಿಸುವುದು ಜಾಣತನ.

ಕವರ್ ಸರಿದ ಮೇಲೆ ಪದರಗಳು ಕಾಣುತ್ತವೆ. ತಳದಲ್ಲಿ ಕಬ್ಬಿಣದ ಚೌಕಟ್ಟು, ಅದರ ಮೇಲೆ ಸ್ಪ್ರಿಂಗು, ಸ್ಪ್ರಿಂಗಿನ ಮೇಲೆ ಗೋಣಿತಟ್ಟು, ಆಮೇಲೆ ತೆಂಗಿನ ನಾರು, ಹತ್ತಿ, ಕೊನೆಗೆ ಮಾದರಪಾಟ ಬಟ್ಟೆ. ಗೋಣಿತಟ್ಟು ಕಂಡರೆ ಅದನ್ನು ಬಡತನದ ಗುರುತೆಂದು ತಿಳಿಯಬಾರದು. ಅದಿಲ್ಲದಿದ್ದರೆ ನಾರು ಸ್ಪ್ರಿಂಗಿನ ಸಂದಿಗಿಳಿದು, ತಂತಿಯ ಉಜ್ಜಾಟಕ್ಕೆ ಪುಡಿಯಾಗುತ್ತದೆ. ಸೀಟಿನ ನಡುವೆ ಗುಂಡಿ ಬೀಳುವುದು ಬಹಳ ಸಲ ಸ್ಪ್ರಿಂಗ್ ಸತ್ತು ಅಲ್ಲ, ಈ ತಟ್ಟು ಹರಿದು.

ಸ್ಪ್ರಿಂಗನ್ನು ಉಳಿಸಿಕೊಳ್ಳುವುದೇ ಇಡೀ ಕೆಲಸದ ಜೀವಾಳ. ಕೂತ ಮನುಷ್ಯನ ದೇಹಕ್ಕೆ ಹೆಚ್ಚು ನೋವು ಕೊಡುವುದು ಸೆಕೆಂಡಿಗೆ 4ರಿಂದ 8 ಸಲ ಮೇಲೆ-ಕೆಳಗೆ ಆಗುವ ಅಲುಗಾಟ. ಬೆನ್ನೆಲುಬಿನ ಸಹಜ ಕಂಪನವೂ ಅದರ ಆಸುಪಾಸಿನಲ್ಲೇ ಇದೆ. ಒಳ್ಳೆಯ ಸ್ಪ್ರಿಂಗು, ನಾರು, ಹತ್ತಿ ಒಟ್ಟಾಗಿ ಆ ಹೊಡೆತದ ಚೂಪು ಮುರಿಯುತ್ತವೆ. ತುಂಡಾದ ಸ್ಪ್ರಿಂಗಿಗೆ ವೆಲ್ಡಿಂಗ್ ಹಾಕಿಸುವುದು ತಪ್ಪು. ಕಾಯಿಸಿದ ಜಾಗದಲ್ಲಿ ಉಕ್ಕಿನ ಹದ ಹೋಗಿ, ಪಕ್ಕದಲ್ಲೇ ಮತ್ತೆ ಮುರಿಯುತ್ತದೆ. ಅದೇ ದಪ್ಪದ ಹೊಸ ತಂತಿಯ ಸ್ಪ್ರಿಂಗ್ ಹಾಕಿ, ಪಕ್ಕಡದಿಂದ ಕೊಕ್ಕೆ ಬಿಗಿದು, ಸುತಳಿಯಿಂದ ಒಂದಕ್ಕೊಂದು ಹೆಣೆದು ಕಟ್ಟಬೇಕು. ವೆಲ್ಡಿಂಗ್ ಬೇಕಾದರೆ ಅದು ಚೌಕಟ್ಟಿಗಷ್ಟೇ.

ಚೌಕಟ್ಟಿನ ಬಣ್ಣದ ಕೆಲಸದಲ್ಲಿ ಜಂಗು ತೆಗೆಯುವುದಕ್ಕೆ ಮುಕ್ಕಾಲು ಶ್ರಮ, ಬಣ್ಣಕ್ಕೆ ಕಾಲು ಶ್ರಮ. ತಂತಿ ಬ್ರಷ್, ಪಾಲಿಷ್ ಪೇಪರ್, ಆಳವಾದ ಜಂಗಿಗೆ ಫಾಸ್ಫಾರಿಕ್ ಆಮ್ಲದ ದ್ರಾವಣ, ಒಣಗಿದ ಕೂಡಲೇ ರೆಡ್ ಆಕ್ಸೈಡ್, ಅದರ ಮೇಲೆ ಎರಡು ತೆಳು ಕೋಟು ಎನಾಮಲ್. ಹಳೇ ಬಣ್ಣಗಳಲ್ಲಿ ಸೀಸ ಇರುವ ಸಾಧ್ಯತೆ ಹೆಚ್ಚು. ಮನೆಬಳಕೆಯ ಬಣ್ಣಕ್ಕೇ ಸೀಸದ ಮಿತಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಆದ್ದರಿಂದ ಒಣಗೆ ಉಜ್ಜದೆ ನೀರು ಹಾಕಿ ಉಜ್ಜಬೇಕು, ಮೂಗಿಗೆ ಮಾಸ್ಕ್ ಇರಲೇಬೇಕು. ಮಳೆಗಾಲದಲ್ಲಿ ಬಣ್ಣ ಹೊಡೆಯಬಾರದು. ಮಲೆನಾಡಿನ ಸೆರಗಿನಲ್ಲಿರುವ ಕಲಘಟಗಿಯಲ್ಲಂತೂ ತೇವ ಕುಡಿದ ಬಣ್ಣ ಮಂಕಾಗುತ್ತದೆ. ಬಣ್ಣದ ವಿಷಯದಲ್ಲಿ ಆ ಊರು ಕಲಿಸಬೇಕಾದದ್ದು ಬಹಳಿದೆ: ಅರಗಿನ ಹೊಳಪು ಕೊಟ್ಟ ಅಲ್ಲಿಯ ಮರದ ತೊಟ್ಟಿಲುಗಳು ಮಕ್ಕಳಿಂದ ಮೊಮ್ಮಕ್ಕಳಿಗೆ ದಾಟಿದರೂ ಬಣ್ಣ ಬಿಡುವುದಿಲ್ಲ. ಸೀಟಿನ ಕೆಳಗಿನ ಮರದ ಪೆಟ್ಟಿಗೆಗೆ ಬಣ್ಣ ಹೊಡೆಯುವವರು ಒಮ್ಮೆ ಅಂಥ ತೊಟ್ಟಿಲನ್ನು ಹತ್ತಿರದಿಂದ ನೋಡಬೇಕು.

ಮೆತ್ತೆಯ ವಿಷಯದಲ್ಲಿ ಈ ಅಂಕಣದ ನಿಲುವು ಸ್ಪಷ್ಟ: ನಾರು ಮತ್ತು ಹತ್ತಿ. ಜಯಧರದಂಥ ದೇಸಿ ಹತ್ತಿ ಈ ಸೀಮೆಯದೇ ಬೆಳೆ. ಅದರ ಒರಟು ಎಳೆ ಗಾದಿಗೆ ಹೇಳಿ ಮಾಡಿಸಿದ್ದು. ಪಿಂಜಾರರು, ನದಾಫರು ಬಿಲ್ಲು ಮಿಡಿದು ಹಿಂಜಿದ ಹತ್ತಿ ಹಗುರಾಗಿ ಅರಳಿ, ವರ್ಷಗಟ್ಟಲೆ ಕೂತರೂ ಮತ್ತೆ ಹಿಂಜಿಸಿ ಬಳಸಲು ಬರುತ್ತಿತ್ತು. 2002ರಲ್ಲಿ ಬಿಟಿ ಹತ್ತಿಗೆ ಅನುಮತಿ ಸಿಕ್ಕ ಮೇಲೆ ದೇಸಿ ಹತ್ತಿ ಹೊಲ ಬಿಟ್ಟಿತು, ಹಿಂಜುವ ಬಿಲ್ಲಿನ ಸದ್ದೂ ಓಣಿಗಳಲ್ಲಿ ಕಡಿಮೆಯಾಯಿತು. ಹುಡುಕಿದರೆ ಇನ್ನೂ ಸಿಗುತ್ತದೆ, ಹುಡುಕುವುದು ತಕ್ಕದ್ದು. ಫೋಮ್ ಹಾಕಲೇಬೇಕೆಂದರೆ 40 ಡೆನ್ಸಿಟಿಗೆ ಕಡಿಮೆ ಬೇಡ. ಅಂಗಡಿಯಲ್ಲಿ ಕೈಗೆ ಮೆತ್ತಗೆ ಹತ್ತುವ ಅಗ್ಗದ ಫೋಮ್ ಲಾರಿಯ ಕುಲುಕಾಟಕ್ಕೆ ಬೇಗ ಚಪ್ಪಟೆಯಾಗುತ್ತದೆ.

ಇನ್ನು ರೆಕ್ಸಿನ್. ಅದು ಬಟ್ಟೆಯ ಮೇಲೆ ಪಿವಿಸಿ ಲೇಪಿಸಿದ ಹಾಳೆ. ಪಿವಿಸಿಗೆ ಮೆದುತನ ಕೊಡುವ ಎಣ್ಣೆಯಂಥ ಪದಾರ್ಥ ಬಿಸಿಲಿಗೆ ವರ್ಷವರ್ಷವೂ ಹೊರಗೆ ಹೋಗುತ್ತದೆ. ಉಳಿದದ್ದು ಗಟ್ಟಿಯಾಗಿ ಸೀಳು ಬಿಡುತ್ತದೆ. ಸೀಳಿದ್ದಕ್ಕೆ ಬಣ್ಣ ಔಷಧವಲ್ಲ. ಬರೀ ಮಾಸಿದ, ಇನ್ನೂ ಮಡಚಲು ಬರುವ ರೆಕ್ಸಿನ್ನಿಗೆ ಮಾತ್ರ ಬಣ್ಣ ಒಪ್ಪುತ್ತದೆ. ಸಾಬೂನಿನಿಂದ ತೊಳೆದು, ಕೈಯೆಣ್ಣೆ ಮತ್ತು ಪಾಲಿಷಿನ ಜಿಡ್ಡನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ, ವಿನೈಲ್‌ಗೆಂದೇ ಇರುವ ಬಣ್ಣವನ್ನು ಮಂಜಿನಷ್ಟು ತೆಳುವಾಗಿ ಹಲವು ಸಲ ಸಿಂಪಡಿಸಬೇಕು. ಬಾಗಿಲಿಗೆ ಬಳಿಯುವ ಎನಾಮಲ್ ಇಲ್ಲಿ ಸಲ್ಲದು; ಚಾಲಕ ಕೂತು ಏಳುವಷ್ಟರಲ್ಲಿ ಬಿರುಕು ಬಿಡುತ್ತದೆ.

ಹೊಸ ಕವರ್ ಹೊಲಿಸುವಾಗ ಹೊಲಿಗೆ ತೀರ ಒತ್ತಾಗಿರಬಾರದು. ಸೂಜಿ ತೂತುಗಳು ಹತ್ತಿರ ಬಿದ್ದಷ್ಟೂ ರೆಕ್ಸಿನ್ ಆ ಗೆರೆಯಲ್ಲೇ ಹರಿಯುತ್ತದೆ. 4-5 ಮಿ.ಮೀ. ಅಂತರ, ಗಟ್ಟಿ ಪಾಲಿಯೆಸ್ಟರ್ ದಾರ, ಅಂಚಿಗೆ ಪೈಪಿಂಗ್ ಇದ್ದರೆ ಸಾಕು. ಕವರ್ ಎಳೆದು ಕೂರಿಸುವ ಕೆಲಸ ಮಾರ್ಚ್-ಏಪ್ರಿಲ್‌ನ ನವಲಗುಂದದ ಬಿಸಿಲಿಗೇ ಸರಿ. ಒಂದು ತಾಸು ಅಂಗಳದಲ್ಲಿ ಹರವಿದ ರೆಕ್ಸಿನ್ ಮೆದುವಾಗಿ, ಸುಕ್ಕಿಲ್ಲದೆ ಮೂಲೆ ಸುತ್ತುತ್ತದೆ.

ಇಷ್ಟೆಲ್ಲ ಮಾಡಿದ ಲಾರಿಗೆ ಕಾನೂನಿನಲ್ಲಿ ಜಾಗವಿದೆಯೇ ಎಂದರೆ, ಇಲ್ಲ. ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ವಿಂಟೇಜ್ ವಾಹನಗಳಿಗೆ ‘ವಿಎ’ ಅಕ್ಷರದ ನೋಂದಣಿ ತಂದಿತು. 50 ವರ್ಷ ದಾಟಿರಬೇಕು, ಶುಲ್ಕ 20,000 ರೂಪಾಯಿ. ಆ ನಿಯಮ ಹೇಳುವುದು ದ್ವಿಚಕ್ರ ವಾಹನ ಮತ್ತು ಸ್ವಂತ ಬಳಕೆಯ ಕಾರುಗಳ ಬಗ್ಗೆ. ಸರಕು ಹೊತ್ತ ಲಾರಿ ಅದರೊಳಗೆ ಬರುವುದಿಲ್ಲ. ಶ್ರೀರಂಗಪಟ್ಟಣದಲ್ಲಿ 2023ರಲ್ಲಿ ತೆರೆದ ‘ಪಯಣ’ ಸಂಗ್ರಹಾಲಯದಂಥ ಜಾಗಗಳಲ್ಲೂ ಕಣ್ಣು ಸೆಳೆಯುವುದು ಕಾರುಗಳೇ. ಇತ್ತ 2025ರ ಅಕ್ಟೋಬರ್ 1ರಿಂದ ತಯಾರಾಗುವ ಮಧ್ಯಮ ಮತ್ತು ಭಾರೀ ಲಾರಿಗಳ ಕ್ಯಾಬಿನ್‌ಗೆ ಎ.ಸಿ. ಕಡ್ಡಾಯವಾಗಿದೆ. ಚಾಲಕರಿಗೆ ಇದು ಎಂದೋ ಸಿಗಬೇಕಿದ್ದ ಸುಖ. ಆದರೆ ಅದು ಹೆಚ್ಚಾಗಿ ಕಾರ್ಖಾನೆಯಲ್ಲೇ ಮುಗಿದು ಬರುವ ಕ್ಯಾಬಿನ್. ಊರಿನ ಬಡಗಿಗೆ, ಕುಶನ್ ಹೊಲಿಯುವವನಿಗೆ ಅಲ್ಲಿ ಹೆಚ್ಚು ಕೆಲಸವಿಲ್ಲ. ಜಿಲ್ಲೆಯ ಕೈಕೆಲಸ ತುಂಬಿದ ಒಂದಾದರೂ ಲಾರಿಯನ್ನು ಸೀಟುಸಮೇತ ಕಾದಿಡುವ ಹೊಣೆ ಧಾರವಾಡದ ಮೇಲಿದೆ.

ಕೊನೆಗೊಂದು ಸಲಹೆ. ಹೊಸ ರೆಕ್ಸಿನ್ನಿನ ಮೇಲೆ ಪ್ಲಾಸ್ಟಿಕ್ ಹಾಳೆ ಉಳಿಸುವುದಕ್ಕಿಂತ ನವಲಗುಂದದ ಜಮಖಾನ ಹಾಸುವುದು ಎಲ್ಲ ರೀತಿಯಿಂದಲೂ ಲೇಸು. ಭೌಗೋಳಿಕ ಗುರುತು ಪಡೆದ ಈ ಹಾಸನ್ನು ಹೆಣ್ಣುಮಕ್ಕಳು ನಿಲುವು ಮಗ್ಗದಲ್ಲಿ ನೇಯುತ್ತಾರೆ. ನವಿಲು, ಪಗಡೆ ಹಾಸು ಅದರ ಹಳೇ ವಿನ್ಯಾಸಗಳು. ನೇಯುವವರ ಸಂಖ್ಯೆ ಕುಗ್ಗುತ್ತ ಬಂದಿದೆ, ಆದ್ದರಿಂದ ಸೀಟಿನ ಉದ್ದ-ಅಗಲ ಬರೆದುಕೊಟ್ಟು ಸಾಕಷ್ಟು ಮುಂಚೆಯೇ ಹೇಳಬೇಕು. ಅಂಚಿನಲ್ಲಿ ಕಟ್ಟಲು ನಾಲ್ಕು ಕಸೆ ಹೊಲಿಸಿಕೊಂಡರೆ ಬಿಚ್ಚಿ ಒಗೆಯುವುದು ಸುಲಭ. ಒಗೆದದ್ದು ಪೂರ್ತಿ ಒಣಗದೆ ಮತ್ತೆ ಹಾಸಬಾರದು. ಹತ್ತಿಯ ತೇವ ಹೊಲಿಗೆಯ ತೂತಿನಿಂದಿಳಿದು, ಕಷ್ಟಪಟ್ಟು ಬಣ್ಣ ಹೊಡೆದ ಚೌಕಟ್ಟಿಗೆ ತಾಗುತ್ತದೆ.